ಹಾರ್ಡ್‌ವೇರ್ ಬೀಗದ ಅನುಕರಣೆ

ಹಾರ್ಡ್‌ವೇರ್ ಬೀಗ ಅಥವಾ ಡಾಂಗಲ್ ಎಂಬುದು ತಂತ್ರಾಂಶವನ್ನು ಪರವಾನಗಿಯಿಲ್ಲದೆ ನಕಲು ಮಾಡಿ ಬಳಸುವುದನ್ನು ತಡೆಯಲು ಗಣಕಯಂತ್ರಕ್ಕೆ ಜೋಡಿಸುವ ಒಂದು ಪುಟ್ಟ ವಿದ್ಯುನ್ಮಾನ ಸಾಧನ. ಈ ಸಾಧನವಿಲ್ಲದೆಯೇ, ಅದು ನೀಡಬೇಕಾದ ಉತ್ತರಗಳನ್ನು ಇನ್ನೊಂದು ತಂತ್ರಾಂಶದಿಂದ ಕೊಡಿಸುವುದಕ್ಕೆ ಹಾರ್ಡ್‌ವೇರ್ ಬೀಗದ ಅನುಕರಣೆ ಅಥವಾ ಡಾಂಗಲ್ ಎಮ್ಯುಲೇಶನ್ ಎನ್ನುತ್ತಾರೆ. ಭಾರತದ ಮಾರುಕಟ್ಟೆಯಲ್ಲಿ ಈ ಸಾಧನಕ್ಕೆ 'ಲಾಕ್' ಎಂಬ ಹೆಸರು ರೂಢಿಯಲ್ಲಿದೆ. ವಾಸ್ತವವಾಗಿ ಅದು ಮಾಡುವುದು ಕೀಲಿಕೈಯ ಕೆಲಸ. ಬೀಗವಿರುವುದು ತಂತ್ರಾಂಶದ ಒಳಗೆ.

ಕೃತಿಸ್ವಾಮ್ಯದ ಉಲ್ಲಂಘನೆಗೆ ಅನುಕರಣೆಯು ಬಳಕೆಯಾಗಿರುವುದು ನಿಜ. ಆದರೆ ಹಣ ತೆತ್ತು ಕೊಂಡವರೂ ಇದರ ಮೊರೆಹೋಗುವ ಸಂದರ್ಭಗಳಿವೆ. ತಯಾರಕರು ಅಂಗಡಿ ಮುಚ್ಚಿದ ಮೇಲೆ ಬೀಗ ಕೆಟ್ಟರೆ ಬದಲಿ ಸಿಗುವುದಿಲ್ಲ. ಬೀಗ ಸುಸ್ಥಿತಿಯಲ್ಲಿದ್ದರೂ ಅದನ್ನು ಸಿಕ್ಕಿಸುವ ಕಿಂಡಿ ಹೊಸ ಗಣಕಗಳಲ್ಲಿ ಇರುವುದಿಲ್ಲ.

ಇತಿಹಾಸ

ಇಂಥ ಸಾಧನವನ್ನು ಬಳಸಿದ ಮೊದಲಿಗ ತಂತ್ರಾಂಶಗಳಲ್ಲಿ 1980ರ ವರ್ಡ್‌ಕ್ರಾಫ್ಟ್ ಒಂದು. ಕಮೊಡೋರ್ ಪೆಟ್ ಗಣಕಕ್ಕಾಗಿ ಬರೆದ ಈ ಪದಸಂಸ್ಕಾರಕದ ಡಾಂಗಲ್ ಅನ್ನು ಕ್ಯಾಸೆಟ್ ಕಿಂಡಿಗೆ ಸಿಕ್ಕಿಸಬೇಕಿತ್ತು. ಡಾನ್ ಗಾಲ್ ಎಂಬ ವ್ಯಕ್ತಿಯಿಂದ 'ಡಾಂಗಲ್' ಎಂಬ ಹೆಸರು ಬಂದಿತೆಂದು ರೇನ್‌ಬೋ ಟೆಕ್ನಾಲಜೀಸ್ ಸಂಸ್ಥೆ 1992ರ ಜಾಹೀರಾತೊಂದರಲ್ಲಿ ಬರೆದುಕೊಂಡಿತು. ಅದು ಕಟ್ಟುಕತೆ, ಆದರೂ ಇಂದಿಗೂ ಅಲ್ಲಲ್ಲಿ ಸತ್ಯವೆಂಬಂತೆ ಉಲ್ಲೇಖವಾಗುತ್ತದೆ.

ಮುಂದೆ ಇಸ್ರೇಲಿನ ಅಲಾದಿನ್ ಸಂಸ್ಥೆಯ ಹ್ಯಾಸ್ಪ್, ರೇನ್‌ಬೋ ಸಂಸ್ಥೆಯ ಸೆಂಟಿನೆಲ್ ಮತ್ತು ಜರ್ಮನಿಯ ವಿಬು ಸಿಸ್ಟಮ್ಸ್‌ನ ವಿಬುಕೀ ಹೆಚ್ಚು ಬಳಕೆಗೆ ಬಂದವು. ಮೊದಲೆರಡೂ ಸೇಫ್‌ನೆಟ್, ಜೆಮಾಲ್ಟೋ ಸಂಸ್ಥೆಗಳನ್ನು ದಾಟಿ 2019ರಲ್ಲಿ ಥೇಲ್ಸ್ ಸಮೂಹಕ್ಕೆ ಸೇರಿದವು. ಹಳೆಯ ಬೀಗದ ಚಾಲಕ ತಂತ್ರಾಂಶವನ್ನು ಹುಡುಕುವವರು ಈ ವಂಶಾವಳಿಯನ್ನು ತಿಳಿದಿರಬೇಕಾಗುತ್ತದೆ, ಏಕೆಂದರೆ ಬೀಗದ ಮೇಲೆ ಮುದ್ರಿತವಾದ ಸಂಸ್ಥೆಯ ಹೆಸರಿನಲ್ಲಿ ಈಗ ಏನೂ ಸಿಗದೆ ಹೋಗಬಹುದು.

ಕಾರ್ಯವಿಧಾನ

ಬೀಗ ಮತ್ತು ತಂತ್ರಾಂಶಗಳ ನಡುವಿನ ವ್ಯವಹಾರವು ಪ್ರಶ್ನೋತ್ತರದ ರೂಪದಲ್ಲಿರುತ್ತದೆ. ತಂತ್ರಾಂಶವು ಒಂದು ಸಂಖ್ಯೆಯನ್ನು ಕಳುಹಿಸುತ್ತದೆ. ಬೀಗವು ಲೆಕ್ಕ ಹಾಕಿ ಇನ್ನೊಂದನ್ನು ಹಿಂದಿರುಗಿಸುತ್ತದೆ. ಉತ್ತರ ನಿರೀಕ್ಷೆಯಂತಿದ್ದರೆ ಕೆಲಸ ಮುಂದುವರಿಯುತ್ತದೆ. ಇದಲ್ಲದೆ ಬೀಗದೊಳಗೆ ಚಿಕ್ಕದೊಂದು ಸ್ಮೃತಿಕೋಶವೂ ಇರಬಹುದು. ಉದಾಹರಣೆಗೆ, ಸೆಂಟಿನೆಲ್ ಸೂಪರ್‌ಪ್ರೋ ಬೀಗದಲ್ಲಿ 16 ಬಿಟ್‌ಗಳ 64 ಕೋಶಗಳಿದ್ದವು.

ಅನುಕರಣೆಯಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಮೂಲ ಬೀಗವು ನೀಡಿದ ಉತ್ತರಗಳನ್ನು ದಾಖಲಿಸಿಕೊಂಡು ಕೋಷ್ಟಕವೊಂದರಿಂದ ಮತ್ತೆ ಒಪ್ಪಿಸಲಾಗುತ್ತದೆ. ಎರಡನೆಯದರಲ್ಲಿ ಬೀಗದೊಳಗಿನ ಲೆಕ್ಕದ ಕ್ರಮವನ್ನೇ ಅರಿತು ಪುನರ್ರಚಿಸಲಾಗುತ್ತದೆ. ಮೊದಲನೆಯದು ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯಂತೆ, ಎರಡನೆಯದು ಸೂತ್ರ ತಿಳಿದವನಂತೆ. ಹ್ಯಾಸ್ಪ್ ಎಚ್‌ಎಲ್‌ನಿಂದೀಚಿನ ಬೀಗಗಳಲ್ಲಿ ಎಇಎಸ್ ಗೂಢಲಿಪಿ ಪದ್ಧತಿಯನ್ನು ಅಳವಡಿಸಲಾಗಿದ್ದು, ಅದರ ರಹಸ್ಯ ಸಂಖ್ಯೆಯು ಚಿಪ್ಪಿನಿಂದ ಹೊರಬಾರದಂತೆ ರೂಪಿತವಾಗಿದೆ. ಆದ್ದರಿಂದ ಅಲ್ಲಿ ಎರಡನೆಯ ಮಾರ್ಗ ಬಹುಮಟ್ಟಿಗೆ ಮುಚ್ಚಿದಂತೆಯೇ.

ಸಾಮಾನ್ಯ ದೋಷಗಳು ಮತ್ತು ಅವುಗಳ ಪತ್ತೆ

'ಬೀಗ ಸಿಗಲಿಲ್ಲ' ಎಂಬ ಒಂದೇ ಸಂದೇಶದ ಹಿಂದೆ ಹತ್ತಾರು ಕಾರಣಗಳಿರಬಹುದು. ಇವುಗಳಲ್ಲಿ ಹೆಚ್ಚಿನವು ಬೀಗದ ರಹಸ್ಯಕ್ಕೆ ಸಂಬಂಧಿಸಿದವಲ್ಲ. ತಂತ್ರಾಂಶಕ್ಕೂ ಬೀಗಕ್ಕೂ ನಡುವೆ ಇರುವ ಕಿಂಡಿ, ಚಾಲಕ ಮತ್ತು ಕಾರ್ಯಾಚರಣ ವ್ಯವಸ್ಥೆಗಳಿಗೆ ಸಂಬಂಧಿಸಿದವು. ಮೂಲ ಬೀಗವು ಇನ್ನೂ ಕೈಯಲ್ಲಿದ್ದರೆ ಅದನ್ನು ಹಳೆಯ ಗಣಕವೊಂದರಲ್ಲಿ ಪರೀಕ್ಷಿಸುವುದು ಮೊದಲ ಹೆಜ್ಜೆ. ಅಲ್ಲಿ ಅದು ಕೆಲಸ ಮಾಡಿದರೆ ಅನುಕರಣೆಯ ಅಗತ್ಯವೇ ಬೀಳದಿರಬಹುದು.

ಚಾಲಕ ತಂತ್ರಾಂಶದ ಅಡಚಣೆ ಬಹಳ ಸಾಮಾನ್ಯ. ಅನುಕರಣ ತಂತ್ರಾಂಶವು ಸಾಮಾನ್ಯವಾಗಿ ಯುಎಸ್‌ಬಿ ಸಾಧನವೊಂದು ಇರುವಂತೆ ವಿಂಡೋಸ್ ಅನ್ನು ನಂಬಿಸುವ ಚಾಲಕದ ರೂಪದಲ್ಲಿರುತ್ತದೆ. 32 ಬಿಟ್ ವಿಂಡೋಸ್‌ಗೆ ಬರೆದ ಚಾಲಕವು 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಜೊತೆಗೆ, ವಿಸ್ಟಾದಿಂದ ಮುಂದಿನ 64 ಬಿಟ್ ಆವೃತ್ತಿಗಳು ಡಿಜಿಟಲ್ ಸಹಿಯಿಲ್ಲದ ಚಾಲಕವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. 2016ರ ವಿಂಡೋಸ್ 10ರ 1607ನೇ ಆವೃತ್ತಿಯಿಂದ ಈ ನಿಯಮ ಇನ್ನಷ್ಟು ಬಿಗಿಯಾಯಿತು. ನಿನ್ನೆಯವರೆಗೆ ನಡೆಯುತ್ತಿದ್ದ ಅನುಕರಣೆಯು ವಿಂಡೋಸ್ ನವೀಕರಣವಾದ ಮರುದಿನ ನಿಂತುಹೋದರೆ ಮೊದಲು ನೋಡಬೇಕಾದುದು ಇದನ್ನೇ. ಸಹಿ ಪರೀಕ್ಷೆಯನ್ನು ಸ್ಥಗಿತಗೊಳಿಸಿಬಿಡಿ ಎಂಬ ಸಲಹೆ ಧಾರಾಳವಾಗಿ ದೊರೆಯುತ್ತದೆ; ಆದರೆ ಕುತಂತ್ರಾಂಶಗಳನ್ನು ತಡೆಯುವ ಕಾವಲೂ ಅದೇ ಆಗಿದೆ. ಅನಾಮಧೇಯರು ಹಂಚುವ ಅನುಕರಣ ಚಾಲಕಕ್ಕೆ ಗಣಕದ ಸಂಪೂರ್ಣ ಅಧಿಕಾರವನ್ನು ಒಪ್ಪಿಸುವುದು ಬುದ್ಧಿವಂತಿಕೆಯಲ್ಲ.

ಪ್ಯಾರಲಲ್ ಕಿಂಡಿಯ ಬೀಗಗಳ ಸಮಸ್ಯೆ ಬೇರೆ. ಡಾಸ್ ಕಾಲದ ತಂತ್ರಾಂಶಗಳು ಆ ಕಿಂಡಿಯ ವಿಳಾಸದೊಂದಿಗೆ, ಸಾಮಾನ್ಯವಾಗಿ ಹದಿನಾರಂಶ ಪದ್ಧತಿಯ 378ರೊಂದಿಗೆ, ನೇರವಾಗಿ ವ್ಯವಹರಿಸುತ್ತಿದ್ದವು. ವಿಂಡೋಸ್ ಎನ್‌ಟಿ ಮತ್ತು ಅದರ ಮುಂದಿನ ಪೀಳಿಗೆಯವು ಈ ನೇರ ಪ್ರವೇಶವನ್ನು ತಡೆಯುತ್ತವೆ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಪರಿವರ್ತಿಸುವ ಅಗ್ಗದ ತಂತಿಗಳು ಮುದ್ರಕಕ್ಕೆ ಸಾಕಾಗುತ್ತವೆ, ಬೀಗಕ್ಕೆ ಸಾಲುವುದಿಲ್ಲ. ಏಕೆಂದರೆ ಆ ವಿಳಾಸದಲ್ಲಿ ನಿಜವಾದ ಕಿಂಡಿಯೇ ಇರುವುದಿಲ್ಲ. ಸಂಕೇತ ತಂತಿಗಳಿಂದಲೇ ವಿದ್ಯುತ್ ಪಡೆಯುವ ಬೀಗಗಳು ಕಡಿಮೆ ವೋಲ್ಟೇಜಿನ ಲ್ಯಾಪ್‌ಟಾಪ್‌ಗಳಲ್ಲಿ ಮೌನವಾಗಿರುವುದೂ ಉಂಟು.

ದಾಖಲೆಯ ಕೊರತೆಯಿಂದ ಬರುವ ದೋಷವೇ ಹೆಚ್ಚು ದಾರಿತಪ್ಪಿಸುವಂಥದು. ಇಲ್ಲಿ ತಂತ್ರಾಂಶ ಸರಿಯಾಗಿ ತೆರೆಯುತ್ತದೆ, ಕೆಲಸವೂ ಸಾಗುತ್ತದೆ. ಆದರೆ ಮುದ್ರಣಕ್ಕೋ ಕಡತದ ರವಾನೆಗೋ ಆದೇಶವಿತ್ತಾಗ ತಟ್ಟನೆ ನಿಲ್ಲುತ್ತದೆ. ಉತ್ತರಗಳನ್ನು ದಾಖಲಿಸಿಕೊಳ್ಳುವಾಗ ಆ ಆದೇಶವನ್ನು ಯಾರೂ ಬಳಸಿರಲಿಲ್ಲವಾದ್ದರಿಂದ ಅಲ್ಲಿ ಕೇಳುವ ಪ್ರಶ್ನೆಗೆ ಕೋಷ್ಟಕದಲ್ಲಿ ಉತ್ತರವಿರುವುದಿಲ್ಲ. ಮೂಲ ಬೀಗವಿಲ್ಲದೆ ಇದಕ್ಕೆ ಪರಿಹಾರ ದುರ್ಲಭ. ಕೆಲವು ತಂತ್ರಾಂಶಗಳು ತಪ್ಪು ಉತ್ತರ ಬಂದಾಗಲೂ ನಿಲ್ಲದೆ, ಸದ್ದಿಲ್ಲದೆ ತಪ್ಪು ಫಲಿತಾಂಶ ನೀಡುವಂತೆ ರಚಿತವಾಗಿರುತ್ತವೆ. ಎಂಜಿನಿಯರಿಂಗ್ ಲೆಕ್ಕಾಚಾರಗಳಲ್ಲಿ ಇದು ಅಪಾಯಕಾರಿ.

ಕಾಲಮಿತಿಯ ಬೀಗಗಳಲ್ಲಿ ಗಡಿಯಾರ ಮತ್ತು ಬ್ಯಾಟರಿ ಇರುತ್ತವೆ. ಬ್ಯಾಟರಿ ಸತ್ತರೆ ಪರವಾನಗಿಯೂ ಸತ್ತಂತೆ. ಜಾಲದ ಮೂಲಕ ಹಂಚಿಕೆಯಾಗುವ ಬೀಗಗಳಲ್ಲಿ ಫೈರ್‌ವಾಲ್ ಅನ್ನು ಪರಿಶೀಲಿಸಬೇಕು. ಹಳೆಯ ನೆಟ್‌ಹ್ಯಾಸ್ಪ್ 475ನೇ ಪೋರ್ಟನ್ನು, ಸೆಂಟಿನೆಲ್ ಎಲ್‌ಡಿಕೆ 1947ನೆಯದನ್ನು, ವಿಬು ಸಂಸ್ಥೆಯ ಕೋಡ್‌ಮೀಟರ್ 22350ನೆಯದನ್ನು ಬಳಸುತ್ತವೆ. ಹಾಗೆಂದು ಪೋರ್ಟನ್ನು ಇಡೀ ಜಾಲಕ್ಕೆ ತೆರೆದಿಡುವುದು ಕ್ಷೇಮವಲ್ಲ: ಸೆಂಟಿನೆಲ್‌ನ ಅಧಿಕೃತ ತಂತ್ರಾಂಶದಲ್ಲಿಯೇ 14 ದೌರ್ಬಲ್ಯಗಳನ್ನು ಕ್ಯಾಸ್ಪರ್‌ಸ್ಕಿ ಸಂಸ್ಥೆ 2018ರ ಜನವರಿಯಲ್ಲಿ ಪ್ರಕಟಿಸಿತು.

ಸುಸ್ಥಿತಿಯಲ್ಲಿರುವ ಯುಎಸ್‌ಬಿ ಬೀಗವಿದ್ದವರಿಗೆ ಅನುಕರಣೆಗಿಂತ ಸರಳವಾದ ಮಾರ್ಗವೊಂದಿದೆ. ವಾಸ್ತವೋಪಮ ಯಂತ್ರವೊಂದರಲ್ಲಿ ಹಳೆಯ ವಿಂಡೋಸ್ ಅನ್ನು ಸ್ಥಾಪಿಸಿ, ನಿಜವಾದ ಬೀಗವನ್ನೇ ಅದಕ್ಕೆ ಒಪ್ಪಿಸಬಹುದು.

ಆಟೋಡೆಸ್ಕ್ ವಿರುದ್ಧ ಡೈಸನ್ ಪ್ರಕರಣ

ಬೀಗದ ಅನುಕರಣೆಯ ಕುರಿತ ಪ್ರಸಿದ್ಧ ತೀರ್ಪು ಆಸ್ಟ್ರೇಲಿಯಾದ್ದು. ಆಟೋಕ್ಯಾಡ್ ತಂತ್ರಾಂಶದೊಳಗಿನ 'ವಿಜೆಟ್ ಸಿ' ಎಂಬ ಭಾಗವು ಬೀಗಕ್ಕೆ ಮತ್ತೆ ಮತ್ತೆ ಸಂಕೇತ ಕಳುಹಿಸಿ, ಬಂದ ಉತ್ತರವನ್ನು ತನ್ನಲ್ಲಿದ್ದ 127 ಬಿಟ್‌ಗಳ ಕೋಷ್ಟಕದೊಂದಿಗೆ ತಾಳೆ ನೋಡುತ್ತಿತ್ತು. ಬೀಗದಲ್ಲಿದ್ದುದು ಏಳು ಮನೆಗಳ ಪಲ್ಲಟ ರಿಜಿಸ್ಟರ್. ಏಳು ಮನೆಗಳಲ್ಲಿ ಸೊನ್ನೆ ಮತ್ತು ಒಂದುಗಳನ್ನು 128 ರೀತಿಯಲ್ಲಿ ಜೋಡಿಸಬಹುದು. ಎಲ್ಲವೂ ಸೊನ್ನೆಯಾದ ಜೋಡಣೆಯಿಂದ ಸರಣಿ ಮುಂದೆ ಸಾಗದ ಕಾರಣ ಅದನ್ನು ಬಿಟ್ಟರೆ 127 ಉಳಿಯುತ್ತದೆ.

ಪ್ರತಿವಾದಿಗಳು ಆಸಿಲೋಸ್ಕೋಪ್‌ನಿಂದ ಈ ಸಂಕೇತಗಳನ್ನು ಗಮನಿಸಿ, ಅದೇ ಸರಣಿಯನ್ನು ಒಂದು ಇಪ್ರಾಮ್ ಚಿಪ್ಪಿನಲ್ಲಿ ತುಂಬಿ 'ಆಟೋ ಕೀ' ಎಂಬ ಪ್ರತಿಬೀಗವನ್ನು ತಯಾರಿಸಿದರು. ಇದು ತಂತ್ರಾಂಶವಲ್ಲ, ಇನ್ನೊಂದು ಹಾರ್ಡ್‌ವೇರ್. ಆದರೂ ಕೆಲಸದಲ್ಲಿ ದಾಖಲಿತ ಕೋಷ್ಟಕದ ಅನುಕರಣೆಯೇ. ಅವರು ಆಟೋಕ್ಯಾಡ್‌ನ ಸಂಕೇತಸಾಲುಗಳನ್ನು ನೋಡಿಯೇ ಇರಲಿಲ್ಲ. ಹಾಗಿದ್ದರೂ ಆ 127 ಬಿಟ್‌ಗಳು ಕೃತಿಯ ಗಣನೀಯ ಭಾಗವೆಂದೂ, ಅವುಗಳ ನಕಲು ಕೃತಿಸ್ವಾಮ್ಯದ ಉಲ್ಲಂಘನೆಯೆಂದೂ ಆಸ್ಟ್ರೇಲಿಯಾದ ಹೈಕೋರ್ಟು 1992ರಲ್ಲಿ ತೀರ್ಮಾನಿಸಿತು. ಬೃಹತ್ ತಂತ್ರಾಂಶವೊಂದರಲ್ಲಿ ಹದಿನಾರು ಬೈಟ್‌ಗಳಷ್ಟೂ ಇಲ್ಲದ ಅಂಶವನ್ನು ಗಣನೀಯವೆಂದದ್ದು ಟೀಕೆಗೆ ಗುರಿಯಾಯಿತು. ಅದೇ ನ್ಯಾಯಾಲಯವು 1999ರ ಡೇಟಾ ಆಕ್ಸೆಸ್ ವಿರುದ್ಧ ಪವರ್‌ಫ್ಲೆಕ್ಸ್ ಪ್ರಕರಣದಲ್ಲಿ ಈ ತರ್ಕದಿಂದ ದೂರ ಸರಿಯಿತು.

ಕಾನೂನು

ಅಮೆರಿಕದಲ್ಲಿ 1998ರ ಡಿಎಂಸಿಎ ಕಾಯಿದೆಯು ರಕ್ಷಣಾ ಕ್ರಮಗಳನ್ನು ಭೇದಿಸುವುದನ್ನು ನಿಷೇಧಿಸಿತು. ಆದರೆ ಕೆಟ್ಟುಹೋದ ಹಾಗೂ ಬಳಕೆಯಿಂದ ಮರೆಯಾದ ಡಾಂಗಲ್‌ಗಳಿಗೆ 2003, 2006 ಮತ್ತು 2010ರ ನಿಯಮಾವಳಿಗಳಲ್ಲಿ ವಿನಾಯಿತಿ ದೊರೆಯಿತು. ತಯಾರಿಕೆ ನಿಂತಿರಬೇಕು ಅಥವಾ ಬದಲಿಯಾಗಲೀ ದುರಸ್ತಿಯಾಗಲೀ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗದಂತಿರಬೇಕು ಎಂಬುದು 'ಮರೆಯಾದ' ಎಂಬುದಕ್ಕೆ ಕೊಟ್ಟ ಅರ್ಥ.

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರ ತಿದ್ದುಪಡಿಯಲ್ಲಿ 65ಎ ಕಲಮನ್ನು ಸೇರಿಸಲಾಯಿತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ಕ್ರಮವನ್ನು ಭೇದಿಸಿದರೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಇಲ್ಲಿ 'ಉದ್ದೇಶದಿಂದ' ಎಂಬ ಪದಕ್ಕೆ ಮಹತ್ವವಿದೆ. ಕಾಯಿದೆ ನಿಷೇಧಿಸದ ಉದ್ದೇಶಕ್ಕಾಗಿ ಮಾಡಿದ ಕೃತ್ಯಕ್ಕೆ ಈ ಕಲಮು ಅಡ್ಡಿಯಾಗುವುದಿಲ್ಲ. ಆದರೆ ಅಂಥ ಕೆಲಸವನ್ನು ಇನ್ನೊಬ್ಬರಿಗಾಗಿ ಮಾಡಿಕೊಡುವವರು ಅವರ ಹೆಸರು, ವಿಳಾಸ ಮತ್ತು ಉದ್ದೇಶದ ದಾಖಲೆ ಇಟ್ಟಿರಬೇಕು. ತಂತ್ರಾಂಶದ ನ್ಯಾಯಸಮ್ಮತ ಪ್ರತಿಯುಳ್ಳವರು ರಕ್ಷಣಾರ್ಥ ಪ್ರತಿ ಮಾಡಿಕೊಳ್ಳಲು 52ನೇ ಕಲಮಿನಲ್ಲಿ ಅವಕಾಶವಿದೆ.

ಭಾರತೀಯ ಭಾಷಾ ತಂತ್ರಾಂಶಗಳಲ್ಲಿ

ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಸಿ-ಡ್ಯಾಕ್‌ನ ಐಎಸ್‌ಎಂ ಮೊದಲಾದ ತಂತ್ರಾಂಶಗಳು ಹಾರ್ಡ್‌ವೇರ್ ಬೀಗದೊಂದಿಗೆ ಮಾರಾಟವಾಗುತ್ತಿದ್ದವು. ಕನ್ನಡ ಡಿಟಿಪಿ ಕೇಂದ್ರಗಳಲ್ಲಿ ಬೀಗವೆಂದರೆ ಇವುಗಳದೇ ನೆನಪು. ಯುನಿಕೋಡ್‌ಗೆ ಮೊದಲು ಅಕ್ಷರಜೋಡಣೆಯಾದ ಪುಸ್ತಕಗಳ ಕಡತಗಳು ಆಯಾ ತಂತ್ರಾಂಶದ ಫಾಂಟ್ ಸಂಕೇತಗಳಲ್ಲಿಯೇ ಇವೆ. ಬೀಗ ಕೆಟ್ಟಿತೆಂದು ಅನುಕರಣೆಯನ್ನು ಅರಸುವವರು ಗಮನಿಸಬೇಕಾದ ಅಂಶವೆಂದರೆ, ಇಂಥ ಪಠ್ಯವು ಬೀಗದೊಳಗೆ ಸಿಲುಕಿಲ್ಲ. ಸಂಕೇತಕ್ರಮ ತಿಳಿದಿರುವ ಪರಿವರ್ತಕದಿಂದ ಅದನ್ನು ಯುನಿಕೋಡ್‌ಗೆ ತರಬಹುದು. ಪುಟವಿನ್ಯಾಸ ಮಾತ್ರ ಈ ಪರಿವರ್ತನೆಯಲ್ಲಿ ಉಳಿಯದಿರಬಹುದು. ಒತ್ತಕ್ಷರ ಮತ್ತು ಅರ್ಕಾವೊತ್ತುಗಳು ಸ್ಥಾನಪಲ್ಲಟವಾಗುವ ಸಂಭವವಿರುವುದರಿಂದ ಕರಡು ತಿದ್ದುವ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ.