ಶಂಕುವಿನ ನೆರಳು, ಗುಂಡಿನ ನೆರಳು

ನೃಪತುಂಗನ ಕಾಲವೆಂದೊಡನೆ ಸಾಹಿತ್ಯಾಸಕ್ತರಿಗೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ದೊರೆಯನ್ನು ಗ್ರಂಥಾರಂಭದಲ್ಲಿ ಕೊಂಡಾಡಿದ ಮತ್ತೊಂದು ಕೃತಿಯುಂಟು. ಮಹಾವೀರಾಚಾರ್ಯನ ಸಂಸ್ಕೃತ ‘ಗಣಿತಸಾರಸಂಗ್ರಹ’. ಸುಮಾರು ಕ್ರಿ.ಶ. 850ರ ಈ ಗ್ರಂಥವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅದರ ಕೊನೆಯ ಅಧ್ಯಾಯ ಛಾಯಾವ್ಯವಹಾರ, ಎಂದರೆ ನೆರಳಿನ ಲೆಕ್ಕ. ದಿಕ್ಕನ್ನು ಗೊತ್ತುಮಾಡುವುದು, ಹಗಲಿನ ಹೊತ್ತನ್ನು ತಿಳಿಯುವುದು, ಕಂಬದ ನೆರಳು ಗೋಡೆಯನ್ನೇರಿದಾಗ ಅಳೆಯುವುದು, ಇವೆಲ್ಲ ಅಲ್ಲಿವೆ. ಇವಕ್ಕೆಲ್ಲ ಆಧಾರ, ನೆಟ್ಟಗೆ ನಿಲ್ಲಿಸಿದ ಗೂಟ. ಶಾಸ್ತ್ರದ ಮಾತಿನಲ್ಲಿ ಶಂಕು.

ಶಂಕುವೇ ಏಕೆ? ಚಿಕ್ಕಬಳ್ಳಾಪುರದ ಬಳಿಯ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯದ ಮೂಲವೂ ಅದೇ ಒಂಬತ್ತನೆಯ ಶತಮಾನದ್ದು. ಬಿಸಿಲು ಹೊತ್ತಿನಲ್ಲಿ ಅದರ ಅಂಗಳದಲ್ಲಿ ನಿಂತರೆ ಉತ್ತರ ಕಣ್ಣಿಗೇ ಕಾಣುತ್ತದೆ. ಕಂಬದ ನೆರಳಿನ ತುದಿ ಕಂಬದ ತುದಿಯಿಂದಲೇ ಬೀಳುತ್ತದೆ. ದುಂಡು ಮೈಯ ನೆರಳಂಚಾದರೋ ಹೊತ್ತು ಸರಿದಂತೆ ಮೈಯ ಬೇರೆ ಬೇರೆ ಎಡೆಯಿಂದ ಬೀಳುತ್ತ ಹೋಗುತ್ತದೆ.

ಎರಡು ಮೊಳ ಎತ್ತರದ ಗುಂಡುಕಲ್ಲೊಂದು ಸಮನೆಲದ ಮೇಲಿದೆಯೆಂದುಕೊಳ್ಳೋಣ. ಸೂರ್ಯನು ದಿಗಂತಕ್ಕೂ ನಡುನೆತ್ತಿಗೂ ಸರಿಮಧ್ಯದಲ್ಲಿರುವಾಗ ಎರಡು ಮೊಳದ ಶಂಕುವಿನ ನೆರಳು ಎರಡೇ ಮೊಳ. ಗುಂಡಿನ ನೆರಳನ್ನು ಅದು ನೆಲಮುಟ್ಟಿದ ಬಿಂದುವಿನಿಂದ ಅಳೆದರೆ ಸುಮಾರು 2.4 ಮೊಳವಾಗುತ್ತದೆ. ಕೊನೆಯ ಕಿರಣವು ಗುಂಡಿನ ನೆತ್ತಿಯನ್ನು ಬಿಟ್ಟು, ಸೂರ್ಯನಿಗೆ ಆಚೆಯ ಹೆಗಲನ್ನು ಸವರಿಹೋಗುವುದೇ ಇದಕ್ಕೆ ಕಾರಣ. ಶಂಕುವಿನ ಸೂತ್ರವನ್ನು ಇಲ್ಲಿ ಹಚ್ಚಿದರೆ ಕಲ್ಲಿನ ಎತ್ತರ ಐದರಲ್ಲೊಂದು ಪಾಲು ಹೆಚ್ಚಾಗಿ ತೋರುವುದು. ನೆರಳಿನ ಅಗಲ ಎರಡು ಮೊಳವಾಗಿಯೇ ಉಳಿದು ಉದ್ದ ಮಾತ್ರ ಬೆಳೆಯುವುದರಿಂದ ಅದರ ಆಕಾರ ದೀರ್ಘವೃತ್ತ. ಸೂರ್ಯ ಇಳಿದಷ್ಟೂ ಅದು ನೀಳವಾಗುತ್ತದೆ.

ಹಾಗೆಂದು ಗುಂಡಿನ ನೆರಳನ್ನು ವಂಚಕನೆಂದು ತಳ್ಳಿಹಾಕುವಂತಿಲ್ಲ. ಶಂಕುವಿನಿಂದ ಹೊತ್ತನ್ನು ತಿಳಿದ ಮಾನವನು ತಾನು ನಿಂತ ನೆಲದ ಆಕಾರವನ್ನು ಕಂಡುಕೊಂಡುದು ಗುಂಡಿನ ನೆರಳಿನಿಂದಲೇ. ಚಂದ್ರಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ನೆರಳಿನ ಅಂಚು ಸದಾ ಕಮಾನಿನಂತಿರುವುದನ್ನು ನೋಡಿ, ಭೂಮಿ ದುಂಡಗಿದೆಯೆಂದು ಗ್ರೀಸಿನ ಅರಿಸ್ಟಾಟಲನು ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ವಾದಿಸಿದನು. ಗ್ರಹಣಕ್ಕೆ ಭೂಮಿಯ ನೆರಳೇ ಕಾರಣವೆಂದು ಕ್ರಿ.ಶ. 499ರ ಸುಮಾರಿನಲ್ಲಿ ನಮ್ಮ ಆರ್ಯಭಟನು ಬರೆದನು. ರಾಹುವಿನ ಕಥೆ ಪುರಾಣದಲ್ಲಿ ಉಳಿಯಿತು; ಲೆಕ್ಕ ನೆರಳಿಗೆ ಸಂದಿತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕೂ ಊರುಗಳು ಸುಮಾರು 13.4ರಿಂದ 13.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ವರ್ಷಕ್ಕೆರಡು ಬಾರಿ, ಏಪ್ರಿಲ್ ಕೊನೆಯ ವಾರದಲ್ಲೂ ಆಗಸ್ಟ್ ನಡುಭಾಗದಲ್ಲೂ, ಇಲ್ಲಿ ಸೂರ್ಯ ಮಧ್ಯಾಹ್ನ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಶಂಕು ನೆರಳಿಲ್ಲದೆ ಮೂಕವಾಗುತ್ತದೆ. ದಾರದಲ್ಲಿ ತೂಗುಬಿಟ್ಟ ಚೆಂಡಿನ ನೆರಳು ಮಾತ್ರ ಅದರ ಕೆಳಗೆ ದುಂಡಾಗಿ, ಅದರಷ್ಟೇ ಅಗಲವಾಗಿ ಮೂಡುತ್ತದೆ. ಗಡಿಯಾರ ಬಂದ ಮೇಲೆ ನಾವು ನೆರಳನ್ನು ಓದುವುದನ್ನು ಮರೆತೆವು. ಮಹಾವೀರನು ಅದನ್ನು ‘ವ್ಯವಹಾರ’ವೆಂದು ಕರೆದನಷ್ಟೆ, ದಿನಬಳಕೆಯ ವಿದ್ಯೆಯೆಂದೇ ಅದರ ಅರ್ಥ. ನಮ್ಮ ಶಾಲೆಗಳ ಅಂಗಳದಲ್ಲಿ ಒಂದು ಗೂಟ, ಒಂದು ಚೆಂಡು ಇದ್ದರೆ ಆ ಅಧ್ಯಾಯವನ್ನು ಮಕ್ಕಳು ಮತ್ತೆ ಬಿಸಿಲಿನಲ್ಲೇ ಓದಿಯಾರು.