ನಾಡಿಯೋ ಉಸಿರೋ: ಹೈದರಾಬಾದಿನ ಒಂದು ಹಳೆಯ ವಾದ

ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸಿದವರಿಗೆ ಆ ನಿಲ್ದಾಣದ ಮಹತ್ವ ಹೇಳಬೇಕಾಗಿಲ್ಲ. 1874ರಲ್ಲಿ ಇಲ್ಲಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಮಾರ್ಗ ತೆರೆದ ಮೇಲೆ, ಮುಂಬೈ ಕಡೆಯಿಂದ ಹೈದರಾಬಾದಿಗೆ ಹೋಗುವವರಿಗೆ ಇದೇ ಹೆಬ್ಬಾಗಿಲಾಯಿತು. ಶಹಾಬಾದ್ ದಾಟಿದರೆ ವಾಡಿ, ಅಲ್ಲಿಂದ ಚಿತ್ತಾಪುರ, ಆಮೇಲೆ ಸೇಡಂ. ರೈಲು ಕಾಣದ ಚಿಂಚೋಳಿಯೂ ಸೇರಿ ಈ ಊರುಗಳೆಲ್ಲ ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಕಾಲದ ಮಾತು ಬಂದಾಗ ನಾವು ಅರಮನೆ, ವಜ್ರ, ರಜಾಕಾರರ ಹಾವಳಿ ಎಂದು ಮಾತಾಡಿ ಮುಗಿಸುತ್ತೇವೆ. ರೋಗಿಯನ್ನು ಹೇಗೆ ನೋಡಬೇಕು ಎಂಬ ಬಗ್ಗೆ ಅದೇ ರಾಜಧಾನಿಯಲ್ಲಿ ನಡೆದ ಒಂದು ಪರೀಕ್ಷೆ ಜಗತ್ತಿನ ವೈದ್ಯರ ಗಮನ ಸೆಳೆದಿತ್ತು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು.

ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ 1847ರಲ್ಲಿ ಕ್ಲೋರೋಫಾರಂ ಬಳಕೆಗೆ ತಂದರು. ಶಸ್ತ್ರಚಿಕಿತ್ಸೆಯ ನೋವು ಇಲ್ಲವಾಯಿತು, ಆದರೆ ಹೊಸ ಭಯವೊಂದು ಹುಟ್ಟಿತು. ಮರುವರ್ಷವೇ ಇಂಗ್ಲೆಂಡಿನಲ್ಲಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳುತ್ತಿದ್ದ 15ರ ಹುಡುಗಿ ಹಾನ್ನಾ ಗ್ರೀನರ್ ಕ್ಲೋರೋಫಾರಂ ಮೂಸಿದ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಪ್ರಜ್ಞೆ ತಪ್ಪಿದ ರೋಗಿಯ ಪಕ್ಕ ನಿಂತವರು ಯಾವುದರ ಮೇಲೆ ಕಣ್ಣಿಡಬೇಕು? ಲಂಡನ್ನಿನವರು ನಾಡಿಯ ಮೇಲೆ ಎಂದರು, ಎಡಿನ್‌ಬರೋದವರು ಉಸಿರಿನ ಮೇಲೆ ಎಂದರು.

ಎಡಿನ್‌ಬರೋದಲ್ಲಿ ಕಲಿತ ಎಡ್ವರ್ಡ್ ಲಾರಿ ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಆಗಿ, ಅಲ್ಲಿನ ವೈದ್ಯಕೀಯ ಶಾಲೆಯ ಮುಖ್ಯಸ್ಥರೂ ಆಗಿದ್ದರು. ಅವರು 1888ರಲ್ಲಿ ಕ್ಲೋರೋಫಾರಂ ಆಯೋಗ ನಡೆಸಿ ಉಸಿರಿನ ಪರ ತೀರ್ಪು ಕೊಟ್ಟರು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಅದನ್ನು ನಂಬಲಿಲ್ಲ. ಆಗ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ 1000 ಪೌಂಡು ಕೊಟ್ಟು, ನಿಮ್ಮವರನ್ನೇ ಕಳಿಸಿ ನೋಡಿ ಎಂದರು. 1889ರಲ್ಲಿ ಪತ್ರಿಕೆಯ ಪರವಾಗಿ ಬಂದ ಲಾಡರ್ ಬ್ರಂಟನ್ ನೂರಾರು ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳನ್ನು ಕಂಡು ಲಾರಿಯವರ ಪಕ್ಷಕ್ಕೇ ಬಂದರು. ಆ ವೈದ್ಯಕೀಯ ಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಯುವತಿ ಮುಂದೆ ಹೈದರಾಬಾದಿನ ಆಸ್ಪತ್ರೆಗಳಲ್ಲಿ ಕ್ಲೋರೋಫಾರಂ ಕೊಡುವುದನ್ನೇ ವೃತ್ತಿಯಾಗಿಸಿಕೊಂಡರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಹಲವರು ಅವರನ್ನು ಗುರುತಿಸುತ್ತಾರೆ.

ಆದರೆ ಹೈದರಾಬಾದಿನ ತೀರ್ಪು ಅರ್ಧ ಸತ್ಯವಾಗಿತ್ತು. ಮಂಪರು ಹಗುರವಾಗಿದ್ದಾಗಲೇ ಕ್ಲೋರೋಫಾರಂ ಹೃದಯದ ಬಡಿತವನ್ನು ಕೆಡಿಸಿ ಕೊಲ್ಲಬಲ್ಲದು ಎಂದು 1911ರಲ್ಲಿ ಎ. ಜಿ. ಲೆವಿ ತೋರಿಸಿದರು. ಉಸಿರನ್ನಷ್ಟೇ ನೋಡಿದವರೂ ನಾಡಿಯನ್ನಷ್ಟೇ ಹಿಡಿದವರೂ ರೋಗಿಯನ್ನು ಪೂರ್ತಿ ಕಂಡಿರಲಿಲ್ಲ.

ರೋಗಿಯನ್ನು ಪೂರ್ತಿ ಕಾಣುವುದೇ ಶುಶ್ರೂಷೆಯ ಮೊದಲ ಪಾಠ. ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರನ್ನು ಆರೈಕೆಗಾಗಿ ರುಫೈದಾ ಎಂಬ ಮಹಿಳೆಯ ಬಳಿಗೆ ಒಯ್ಯಲಾಯಿತು. ಪ್ರವಾದಿ ಮುಹಮ್ಮದ್(ಸ) ಅತ್ತ ಹಾದುಹೋಗುವಾಗ ಬೆಳಿಗ್ಗೆಯೂ ಸಂಜೆಯೂ ಅವರ ಸ್ಥಿತಿ ವಿಚಾರಿಸುತ್ತಿದ್ದರೆಂದು ಹದೀಸ್‌ನಲ್ಲಿದೆ. ದಿನಕ್ಕೆ ಎರಡು ಸಲ ಕೇಳಿದಾಗಲೇ ಬೆಳಗಿಗೂ ಸಂಜೆಗೂ ಆದ ವ್ಯತ್ಯಾಸ ತಿಳಿಯುತ್ತದೆ. ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ ರೋಗಿಯ ಅವಲೋಕನಕ್ಕೇ ಒಂದು ಅಧ್ಯಾಯ ಮೀಸಲಿಟ್ಟರು. ಕೇಳು, ನೋಡು, ಮುಟ್ಟು, ಎಣಿಸು, ಬರೆದಿಡು. ಔಷಧಿಗಳು ಬದಲಾದರೂ ಈ ಪಾಠ ಬದಲಾಗಿಲ್ಲ.

ನಮ್ಮ ಭಾಗದಲ್ಲಿ ಈ ಪಾಠ ಇನ್ನೂ ಅಗತ್ಯ. ಶಹಾಬಾದಿನ ಕಲ್ಲಿನ ಗಣಿ, ವಾಡಿ ಮತ್ತು ಸೇಡಂನ ಸಿಮೆಂಟ್ ಕಾರ್ಖಾನೆ ಎಂದರೆ ಧೂಳು. ಅಲ್ಲಿ ದುಡಿದು ಬಂದವನು ದಮ್ಮು ಎಂದರೆ ಅದು ವಯಸ್ಸಿನ ದಣಿವೋ, ಶ್ವಾಸಕೋಶದ ಕಾಯಿಲೆಯೋ, ಹೃದಯದ ತೊಂದರೆಯೋ ಎಂದು ಮೊದಲು ಸಂಶಯಪಡಬೇಕಾದವರು ದಾದಿಯರೇ. ಚಿಂಚೋಳಿಯ ತಾಂಡಾದಿಂದ ಬಂದ ತಾಯಿ ಲಂಬಾಣಿಯಲ್ಲಿ ಹೇಳಿಕೊಳ್ಳುತ್ತಾಳೆ, ಚಿತ್ತಾಪುರದ ಅಜ್ಜಿ ದಖ್ಖನಿಯಲ್ಲಿ 'ಜೀ ಘಬರಾರಾ' ಎನ್ನುತ್ತಾಳೆ. ಆ ಎರಡು ಮಾತಿನಲ್ಲಿ ಬರೀ ಕಳವಳ ಇರಬಹುದು, ಹೃದಯಾಘಾತದ ಮುನ್ಸೂಚನೆಯೂ ಇರಬಹುದು. ಕೇಳುವ ಕಿವಿಗೆ ಊರಿನ ಭಾಷೆ ಗೊತ್ತಿರಬೇಕು.

ಉಸಿರೆಣಿಸುವುದಕ್ಕೆ ಖರ್ಚಿಲ್ಲ, ಗಡಿಯಾರವೊಂದು ಸಾಕು. ಆರಾಮಾಗಿರುವ ವಯಸ್ಕರಲ್ಲಿ ಅದು ನಿಮಿಷಕ್ಕೆ 12ರಿಂದ 20. ಕೆಮ್ಮಿರುವ ಮಗುವಿಗೆ 2 ತಿಂಗಳಿನಿಂದ 1 ವರ್ಷದೊಳಗೆ 50, 1ರಿಂದ 5 ವರ್ಷದೊಳಗೆ 40, ಅಥವಾ ಅದಕ್ಕೂ ಹೆಚ್ಚಾದರೆ ನ್ಯುಮೋನಿಯಾದ ಸಂಶಯಪಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಸುಲಭವಾದುದೇ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿದೆ. ವಾರ್ಡಿನ ಎಲ್ಲ ರೋಗಿಗಳ ಹಾಳೆಯಲ್ಲೂ ಉಸಿರಾಟ 20 ಎಂದೇ ಬರೆದಿದ್ದನ್ನು ನಾವು ಕಂಡಿದ್ದೇವೆ. ಒಬ್ಬರೇ ಸಿಸ್ಟರ್ ಅಷ್ಟೊಂದು ಹಾಸಿಗೆಗಳನ್ನು ನೋಡಬೇಕಾದ ಕಡೆ ತಪ್ಪು ಅವರೊಬ್ಬರದೇ ಎನ್ನಲಾಗದು. ಆದರೆ ಎಣಿಸದೆ ಬರೆದ ಅಂಕಿ ವೈದ್ಯರನ್ನೂ ದಾರಿ ತಪ್ಪಿಸುತ್ತದೆ.

ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದಲೇ, 2020ರ ಮಾರ್ಚ್‌ನಲ್ಲಿ. ಆಗ ಎಷ್ಟೋ ರೋಗಿಗಳು ಮಾತಾಡುತ್ತ ಕುಳಿತಿದ್ದಂತೆಯೇ ಅವರ ರಕ್ತದ ಆಮ್ಲಜನಕ ಕುಸಿದಿರುತ್ತಿತ್ತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಮನೆಗೂ ಬಂದು ಅನೇಕರನ್ನು ಉಳಿಸಿತು. ಆದರೆ ಕಪ್ಪು ವರ್ಣೀಯರಲ್ಲಿ ಆಮ್ಲಜನಕದ ಕೊರತೆಯನ್ನು ಅದು ಕಾಣದೆ ಹೋಗುವುದು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚೆಂದು ಅದೇ ವರ್ಷ ಅಮೆರಿಕದ ಅಧ್ಯಯನವೊಂದು ತೋರಿಸಿತು. ಬಿಸಿಲಲ್ಲಿ ದುಡಿವ ನಮ್ಮ ಜನರ ಮೈಬಣ್ಣ ನೆನೆದರೆ, ಯಂತ್ರದ ಜೊತೆಗೆ ಕಣ್ಣೂ ಏಕೆ ಬೇಕೆಂಬುದು ತಿಳಿಯುತ್ತದೆ.

ಹೈದರಾಬಾದಿನ ವಾದಕ್ಕೆ ಉತ್ತರ ದಾದಿಯರ ಒಂದು ಸಾದಾ ಅಭ್ಯಾಸದಲ್ಲಿದೆ. ಎಣಿಸುತ್ತಿದ್ದಾರೆಂದು ತಿಳಿದರೆ ರೋಗಿಯ ಉಸಿರಿನ ಲಯ ಬದಲಾಗುತ್ತದೆ. ಅದಕ್ಕೇ ಅನುಭವಸ್ಥರು ಮಣಿಕಟ್ಟು ಹಿಡಿದು ನಾಡಿ ಎಣಿಸಿ ಮುಗಿಸಿದ ಮೇಲೂ ಕೈ ಬಿಡುವುದಿಲ್ಲ. ನಾಡಿ ನೋಡುವವರಂತೆಯೇ ಇದ್ದು, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ. ಅಷ್ಟು ಹೊತ್ತು ಒಬ್ಬರು ತನ್ನ ಕೈ ಹಿಡಿದು ಕುಳಿತಿದ್ದಾರೆಂಬ ಧೈರ್ಯವೂ ರೋಗಿಗೆ ಸಿಗುತ್ತದೆ. ಸೇಡಂನಲ್ಲಾಗಲಿ ಚಿಂಚೋಳಿಯಲ್ಲಾಗಲಿ, ಪ್ರತಿ ರೋಗಿಗೂ ಆ ಒಂದು ನಿಮಿಷ ಸಿಗುವಷ್ಟು ದಾದಿಯರು ಇರಬೇಕೆಂದು ಕೇಳುವುದು ನಮ್ಮ ಹಕ್ಕು.