ಬೆಳೆಯುವ ನಗರವೂ ಅಪರಾಧದ ಅಂಕಿಗಳೂ: ಲಂಡನ್ನಿನ ಒಂದು ನಿದರ್ಶನ

ನಗರವು ಬೆಳೆದಂತೆಲ್ಲ ಅಪರಾಧವೂ ಬೆಳೆಯುತ್ತದೆಂಬ ನಂಬಿಕೆ ಬಹು ಹಳೆಯದು. ಹಳ್ಳಿಯಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. ನಗರದಲ್ಲಿ ನೆರೆಮನೆಯವನೂ ಅಪರಿಚಿತ. ಆದುದರಿಂದ ಅಲ್ಲಿ ದುಷ್ಕೃತ್ಯಕ್ಕೆ ಅಂಕೆಯಿಲ್ಲವೆಂದು ವಾದಿಸುವುದು ಸುಲಭ. ಈ ವಾದಕ್ಕೆ ಬೆಂಬಲವಾಗಿ ಅಂಕಿಗಳನ್ನು ಮುಂದಿಡುವವರು ಅನೇಕರು; ಆ ಅಂಕಿಗಳು ಹುಟ್ಟಿದ ಬಗೆಯನ್ನು ವಿಚಾರಿಸುವವರು ವಿರಳ. ಅಂಕಿಗಳಿಗೂ ಒಂದು ಇತಿಹಾಸವುಂಟು ಎಂಬುದನ್ನು 19ನೆಯ ಶತಮಾನದ ಲಂಡನ್ನಿನ ನಿದರ್ಶನದಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

1801ರ ಜನಗಣತಿಯಲ್ಲಿ ಲಂಡನ್ನಿನ ಜನಸಂಖ್ಯೆ ಸುಮಾರು 9.6 ಲಕ್ಷ, 1851ರಲ್ಲಿ 23.6 ಲಕ್ಷ, 1901ರಲ್ಲಿ 45 ಲಕ್ಷ. ಈ ಬೆಳವಣಿಗೆಯ ಹೊಸ್ತಿಲಲ್ಲಿಯೇ ಭೀತಿಯೂ ತಲೆದೋರಿತು. ಅಲ್ಲಿಯ ಮ್ಯಾಜಿಸ್ಟ್ರೇಟನಾಗಿದ್ದ ಪ್ಯಾಟ್ರಿಕ್ ಕಾಲ್ಕೂನನು ರಾಜಧಾನಿಯ ಪೋಲೀಸು ವ್ಯವಸ್ಥೆಯನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ, ನಗರದ 1,15,000 ಮಂದಿ ಅಪರಾಧದಿಂದಲೇ ಜೀವಿಸುತ್ತಿದ್ದಾರೆಂದು ಲೆಕ್ಕ ಹಾಕಿದನು. ಎಂದರೆ ಎಂಟು ಒಂಬತ್ತು ಜನರಲ್ಲಿ ಒಬ್ಬನು ಅಪರಾಧಿ! ಆದರೆ ಈ ಮೊತ್ತದಲ್ಲಿ ವೇಶ್ಯಾವೃತ್ತಿಯ ಸ್ತ್ರೀಯರೆಂದು ಅವನು ಊಹಿಸಿದವರೇ 50,000 ಮಂದಿ. ಇದು ಎಣಿಕೆಯಲ್ಲ, ಅಂದಾಜು. ಅಪರಾಧದ ಅಳತೆಯೆನ್ನುವುದಕ್ಕಿಂತ ಒಬ್ಬ ಅಧಿಕಾರಿಯ ಕಳವಳದ ಅಳತೆಯೆನ್ನುವುದೇ ಸರಿ.

ಕ್ರಮಬದ್ಧವಾದ ಅಂಕಿಗಳು ದೊರೆಯುವುದು 1805ರಿಂದ ಈಚೆಗೆ. ಇವು ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳೆಲ್ಲಕ್ಕೂ ಸೇರಿದವು. ಗುರುತರ ಅಪರಾಧಗಳಿಗಾಗಿ ವಿಚಾರಣೆಗೆ ಒಪ್ಪಿಸಲ್ಪಟ್ಟವರು 1805ರಲ್ಲಿ 4,605 ಮಂದಿ; 1842ರಲ್ಲಿ 31,309 ಮಂದಿ. ಮೂವತ್ತೇಳು ವರ್ಷಗಳಲ್ಲಿ ಹೆಚ್ಚುಕಡಮೆ ಏಳು ಮಡಿ! ಸಮಕಾಲೀನರು ಇದನ್ನು ಕಂಡು ಬೆಚ್ಚಿದುದು ಸಹಜ. ಆದರೆ ಇದೇ ಅವಧಿಯಲ್ಲಿ ಜನಸಂಖ್ಯೆಯೂ ಸುಮಾರು 89 ಲಕ್ಷದಿಂದ 159 ಲಕ್ಷಕ್ಕೆ ಏರಿದ್ದಿತು. ಲಕ್ಷ ಜನಕ್ಕೆ ಇಷ್ಟೆಂದು ಗಣಿಸಿದರೆ ಏರಿಕೆಯು ಸುಮಾರು 52ರಿಂದ 197ಕ್ಕೆ. ಎಂದರೆ ನಾಲ್ಕು ಮಡಿಯೊಳಗೆ. ಭಾಗಾಕಾರವೊಂದರಿಂದಲೇ ಭೀತಿಯ ಅರ್ಧದಷ್ಟು ಕರಗಿತು.

ಉಳಿದ ಏರಿಕೆಯಾದರೂ ನಿಜವೇ? ಆಗ ಫಿರ್ಯಾದಿಯೇ ಖಟ್ಲೆಯನ್ನು ಹೂಡಿ ವೆಚ್ಚವನ್ನೂ ಬಹುಮಟ್ಟಿಗೆ ಹೊರಬೇಕಾಗಿದ್ದಿತು. ಸಣ್ಣ ಕಳ್ಳತನಕ್ಕೂ ಮರಣದಂಡನೆಯಿದ್ದುದರಿಂದ, ಕರವಸ್ತ್ರವೊಂದಕ್ಕಾಗಿ ಒಂದು ಪ್ರಾಣವನ್ನು ತೆಗೆಯಿಸಲು ಅನೇಕರು ಹಿಂಜರಿಯುತ್ತಿದ್ದರು. 1808ರಲ್ಲಿ ಸರ್ ಸ್ಯಾಮ್ಯುಯೆಲ್ ರೊಮಿಲಿಯ ಪ್ರಯತ್ನದಿಂದ ಜೇಬುಗಳ್ಳತನಕ್ಕೆ ಮರಣದಂಡನೆ ರದ್ದಾಯಿತು. ಅನಂತರ ಖಟ್ಲೆಗಳು ಹೆಚ್ಚಿದವು. ದಯೆಯಿಂದಲೇ ಕಳ್ಳರು ಹೆಚ್ಚಿದರೆಂದು ವಿರೋಧಿಗಳು ಹೇಳಿದರು. ಹೆಚ್ಚಿದುದು ಕಳ್ಳತನವಲ್ಲ, ದೂರು ಕೊಡುವ ಧೈರ್ಯವೆಂದು ರೊಮಿಲಿ ಉತ್ತರವಿತ್ತನು. 1826ರ ಶಾಸನವು ಫಿರ್ಯಾದಿಗಳಿಗೂ ಸಾಕ್ಷಿಗಳಿಗೂ ವೆಚ್ಚವನ್ನು ಕೊಡಿಸುವ ಏರ್ಪಾಟನ್ನು ವಿಸ್ತರಿಸಿತು. 1829ರಲ್ಲಿ ರಾಬರ್ಟ್ ಪೀಲನು ಲಂಡನ್ನಿಗೆ ಹೊಸ ಪೋಲೀಸು ದಳವನ್ನು ಕೊಟ್ಟನು. ಹಿಡಿಯುವವರು ಹೆಚ್ಚಿದಾಗ ಸಿಕ್ಕಿಬೀಳುವವರು ಹೆಚ್ಚುವುದು ಆಶ್ಚರ್ಯವಲ್ಲ.

ಇದರ ಮಗ್ಗುಲು ಬದಲಾದ ಉದಾಹರಣೆಯೂ ಉಂಟು. 1855ರ ಶಾಸನದಂತೆ ಅನೇಕ ಸಣ್ಣ ಕಳ್ಳತನಗಳ ವಿಚಾರಣೆಯು ಜ್ಯೂರಿಯಿಲ್ಲದೆ ಮ್ಯಾಜಿಸ್ಟ್ರೇಟರ ಮುಂದೆಯೇ ನಡೆಯತೊಡಗಿತು. ಕೂಡಲೇ ಮೇಲಿನ ನ್ಯಾಯಾಲಯಗಳ ಸಂಖ್ಯೆಗಳು ಇಳಿದವು. ಕಳ್ಳರು ಒಂದೇ ವರ್ಷದಲ್ಲಿ ಸನ್ಮಾರ್ಗಿಗಳಾದರೆಂದು ಯಾರೂ ಹೇಳಲಾರರು; ಅವರನ್ನು ಬರೆದುಕೊಳ್ಳುವ ಪುಸ್ತಕವು ಬೇರೆಯಾಯಿತು, ಅಷ್ಟೆ.

ಭೀತಿಯು ತಾನೇ ಅಂಕಿಗಳನ್ನು ಹೆಚ್ಚಿಸಬಲ್ಲದೆಂಬುದಕ್ಕೆ 1862ರ ಪ್ರಸಂಗ ಸಾಕ್ಷಿ. ಆ ವರ್ಷದ ಜುಲೈ ತಿಂಗಳಲ್ಲಿ ಪಾರ್ಲಿಮೆಂಟಿನ ಸದಸ್ಯ ಪಿಲ್ಕಿಂಗ್‌ಟನ್ನನನ್ನು ರಾತ್ರಿ ಬೀದಿಯಲ್ಲಿ ಹೊಡೆದು ಸುಲಿದರು. ಪತ್ರಿಕೆಗಳು ಕೂಗೆಬ್ಬಿಸಿದವು. ಪೋಲೀಸರು ಬಿಗಿಯಾದರು, ಹಿಂದೆ ಕುಡುಕರ ಜಗಳವೆಂದು ಬಿಡುತ್ತಿದ್ದುದೂ ಈಗ ಸುಲಿಗೆಯೆಂದು ದಾಖಲಾಯಿತು. ಬೀದಿಸುಲಿಗೆಯ ಸಂಖ್ಯೆಗಳು ಏರಿದುದು ಬಹುಮಟ್ಟಿಗೆ ಈ ಗದ್ದಲದ ಅನಂತರ. ಆದರೂ ಇದರ ಪರಿಣಾಮವಾಗಿ 1863ರಲ್ಲಿ ಸುಲಿಗೆಗಾರರಿಗೆ ಚಾವಟಿಯ ಶಿಕ್ಷೆಯನ್ನು ವಿಧಿಸುವ ಶಾಸನ ಬಂದಿತು. ಅಂಕಿಯನ್ನು ತಪ್ಪಾಗಿ ಓದಿದುದಕ್ಕೆ ಮನುಷ್ಯರ ಬೆನ್ನುಗಳು ಬೆಲೆ ತೆತ್ತವು.

1857ರಿಂದ ಪೋಲೀಸರಿಗೆ ತಿಳಿದುಬಂದ ಅಪರಾಧಗಳ ವಾರ್ಷಿಕ ಪಟ್ಟಿಗಳು ದೊರೆಯುತ್ತವೆ. ಜನಸಂಖ್ಯೆಯೊಡನೆ ಹೋಲಿಸಿದಾಗ, ದಾಖಲಾದ ಕಳ್ಳತನವೂ ಹಿಂಸೆಯೂ ಶತಮಾನದ ಉತ್ತರಾರ್ಧದಲ್ಲಿ ಒಟ್ಟಿನ ಮೇಲೆ ಇಳಿಮುಖವಾದುದನ್ನು ಇತಿಹಾಸಕಾರರು ಗುರುತಿಸಿದ್ದಾರೆ. ದೂರು ಕೊಡುವ ರೂಢಿಯೂ ಪೋಲೀಸು ಬಲವೂ ಬೆಳೆಯುತ್ತಿದ್ದಾಗಲೇ ಈ ಇಳಿತವುಂಟಾದುದರಿಂದ ಇದನ್ನು ಕೇವಲ ಲೆಕ್ಕದ ಮಾಯೆಯೆಂದು ತಳ್ಳಿಹಾಕಲಾಗದು. ಲಂಡನ್ ಇದೇ ಕಾಲದಲ್ಲಿ ಹೆಚ್ಚುಕಡಮೆ ಇಮ್ಮಡಿಯಾಯಿತೆಂಬುದನ್ನು ನೆನೆದರೆ, ನಗರದ ವೃದ್ಧಿಯೇ ಅಪರಾಧದ ವೃದ್ಧಿಯೆಂಬ ಸೂತ್ರವು ನಿಲ್ಲಲಾರದು.

ಈ ವಿಚಾರವು ನಮಗೆ ದೂರದ್ದಲ್ಲ. ಬೆಂಗಳೂರಿನ ಜನಸಂಖ್ಯೆ 2001ರಲ್ಲಿ ಸುಮಾರು 57 ಲಕ್ಷವಿದ್ದುದು 2011ರಲ್ಲಿ 85 ಲಕ್ಷವಾಯಿತು. ಬೆಳವಣಿಗೆ ಅಲ್ಲಿಗೆ ನಿಲ್ಲಲಿಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ 2022ರ ವಾರ್ಷಿಕ ಸಂಪುಟದಲ್ಲಿಯೂ ಮಹಾನಗರಗಳ ಅಪರಾಧ ಪ್ರಮಾಣಕ್ಕೆ ಭಾಜಕವಾಗಿರುವುದು 2011ರ ಜನಸಂಖ್ಯೆಯೇ. ಅಪರಾಧಗಳು ಇಂದಿನವು, ಜನರು ಅಂದಿನವರು! ಹೀಗಿರಲಾಗಿ ನಗರವು ಎಷ್ಟು ವೇಗವಾಗಿ ಬೆಳೆದರೆ ಅದರ ದರವು ಅಷ್ಟು ಹೆಚ್ಚಾಗಿ ಉಬ್ಬಿ ಕಾಣುವುದು. ಹೊಸದಾಗಿ ಬಂದು ನೆಲೆಸಿದವರು ಅಪರಾಧದ ಪಟ್ಟಿಯಲ್ಲಿ ಸೇರುತ್ತಾರೆ, ಜನರ ಪಟ್ಟಿಯಲ್ಲಿ ಸೇರುವುದಿಲ್ಲ. ಕೊನೆಗೆ ಏರಿಕೆಯ ಅಪವಾದವೂ ಅವರ ತಲೆಯ ಮೇಲೆಯೇ ಬೀಳುತ್ತದೆ.

ಆದುದರಿಂದ ಅಪರಾಧದ ಅಂಕಿಯನ್ನು ಕಂಡ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೇಳಬೇಕು. ಇದನ್ನು ಎಣಿಸಿದವರು ಯಾರು, ಯಾವ ಹಂತದಲ್ಲಿ? ನಡುವೆ ಕಾನೂನಾಗಲಿ ದಾಖಲೆಯ ಕ್ರಮವಾಗಲಿ ಬದಲಾಯಿತೆ? ಭಾಗಿಸಿದ ಜನಸಂಖ್ಯೆ ಯಾವ ವರ್ಷದ್ದು? ಸಾಧ್ಯವಾದಾಗ ಕೊಲೆಯ ಅಂಕಿಯನ್ನೂ ಪಕ್ಕದಲ್ಲಿಟ್ಟು ನೋಡುವುದು ಒಳಿತು. ಕಳ್ಳತನದಂತೆ ಕೊಲೆಯು ಸುಲಭವಾಗಿ ಮರೆಯಾಗದು. ಅಂಕಿಗಳನ್ನು ತಿರಸ್ಕರಿಸಬೇಕೆಂದಲ್ಲ, ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಹೇಗೋ ಹಾಗೆ, ಪಾಟೀಸವಾಲು ಮಾಡಿದ ಮೇಲೆಯೇ ಅವುಗಳ ಮಾತನ್ನು ನಂಬಬೇಕು.